ಗಂಗವ್ವ ಕಲಿಸಿದ ಹಿಡಿತ

ಗಂಗವ್ವನ ಎರಡೂ ಪಾದಗಳಲ್ಲಿ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಚರ್ಮ ದಪ್ಪಗಾಗಿ ಕಂದುಗಟ್ಟಿದೆ. ಅಮೆರಿಕದ ನೋವೈ ಎಂಬ ಊರಿನ ಬಾಲಾಜಿ ದೇವಸ್ಥಾನದಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಬಂದಾಗ ಅದನ್ನು ಕಂಡವರು ಚರ್ಮರೋಗವಿರಬೇಕೆಂದು ಸ್ವಲ್ಪ ಸರಿದು ನಿಲ್ಲುವುದೂ ಉಂಟು. ಅದು ರೋಗವಲ್ಲ, ಹಗ್ಗದ ಗುರುತು. ಆಕೆ ಏಳು ವರ್ಷದವಳಿದ್ದಾಗಿನಿಂದ ಮದುವೆಯಾಗುವವರೆಗೆ ಹಗ್ಗದ ಮಲ್ಲಕಂಬ ಆಡಿದವಳು.

ಮಲ್ಲಕಂಬವೆಂದರೆ ನಮ್ಮಲ್ಲಿ ಅನೇಕರಿಗೆ ಎಣ್ಣೆ ಸವರಿದ ಕಂಬ, ಅದರ ಮೇಲೆ ಲಂಗೋಟಿ ಕಟ್ಟಿದ ಹುಡುಗರು, ಇಷ್ಟೇ ನೆನಪು. ಹೆಣ್ಣುಮಕ್ಕಳು ಆಡುವುದು ಕಂಬದ ಮೇಲಲ್ಲ; ತೊಲೆಯಿಂದ ಇಳಿಬಿಟ್ಟ ನೂಲಿನ ಹಗ್ಗದ ಮೇಲೆ. ಕಾಲ್ಬೆರಳ ಸಂದಿಯಲ್ಲಿ ಹಗ್ಗವನ್ನು ಕಚ್ಚಿ ಹಿಡಿದು ಮೇಲೇರಬೇಕು. ತೋಳಿಗೆ, ತೊಡೆಗೆ, ಸೊಂಟಕ್ಕೆ ಅದನ್ನೇ ಸುತ್ತಿಕೊಂಡು ತಲೆಕೆಳಗಾಗಿ ನಿಲ್ಲಬೇಕು. ಗಂಟು ಇಲ್ಲ, ಪಟ್ಟಿ ಇಲ್ಲ. ಸುತ್ತು ಒಂದೇ ಪ್ರಾಣ ಕಾಯುವುದು.

ಗಂಗವ್ವನ ತಂದೆ ಮಲ್ಲಪ್ಪ ಬಾಗಲಕೋಟೆಯ ಕಡೆಯ ಒಂದು ಗರಡಿಯಲ್ಲಿ ವಸ್ತಾದನಾಗಿದ್ದ. ಒಂದು ಸಂಜೆ ಅವನ ಕಣ್ಣೆದುರಿನಲ್ಲೇ, ಗಂಗವ್ವನ ಜೊತೆಗಾತಿ ಕಾಳಮ್ಮ ಎಂಬ ಹುಡುಗಿ ತೋಳಿನ ಸುತ್ತು ಜಾರಿ ತಲೆಕೆಳಗಾಗಿ ಬಿದ್ದಳು. ಕತ್ತು ಮುರಿದ ಸದ್ದು ಒಣಕಟ್ಟಿಗೆ ಮುರಿದಂತೆ ಗರಡಿಯ ತುಂಬ ಕೇಳಿಸಿತು. ಅಲ್ಲಿಂದ ಮುಂದೆ ಮಲ್ಲಪ್ಪ ಕೈಯಲ್ಲಿ ಹುಣಸೆ ಬರಲು, ಬಳುಕುವ ತೆಳ್ಳನೆಯ ಛಡಿ, ಹಿಡಿಯದೆ ಗರಡಿಗೆ ಕಾಲಿಟ್ಟವನಲ್ಲ. ಯಾವ ಹುಡುಗಿಯ ಸುತ್ತು ಬೆರಳಗಲ ಸಡಿಲಾದರೂ ಬರಲು ಬೀಳುತ್ತಿತ್ತು. ಮಗಳಿಗೆ ಎಲ್ಲರಿಗಿಂತ ಎರಡು ಹೆಚ್ಚು. “ಕೈ ಬಿಟ್ಟಿ ಅಂದ್ರ ಸತ್ತಿ. ಸುತ್ತು” ಎನ್ನುವುದು ಅವನು ಕಲಿಸಿದ ಮೊದಲ ಪಾಠ, ಕೊನೆಯ ಪಾಠವೂ ಅದೇ. ಗಂಗವ್ವನಿಗೆ ರಕ್ತ ಬರುವಂತೆ ಹೊಡೆದ ದಿನಗಳಲ್ಲಿ ಅವನೇ ಅರಿಸಿನ ಎಣ್ಣೆ ಕಾಯಿಸಿ ಹಚ್ಚುತ್ತಿದ್ದ.

ಮದುವೆಯಾಗಿ ಗಂಗವ್ವ ಮಿಶಿಗನ್ ರಾಜ್ಯದ ನೋವೈಗೆ ಬಂದಳು. ಗಂಡ ಬಸವ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು, ಮೆತ್ತನೆಯ ಮನುಷ್ಯ. ಹಲವು ವರ್ಷ ಆಕೆ ಮನೆ, ಕಾರು, ಅಂಗಡಿ, ದೇವಸ್ಥಾನ ಇಷ್ಟರಲ್ಲೇ ಇದ್ದಳು. ಆ ಸೀಮೆಯ ಆಶ್ ಮರಗಳನ್ನು ಹಸಿರು ಬಣ್ಣದ ಒಂದು ದುಂಬಿ ಒಳಗಿನಿಂದ ತಿಂದು ಹಾಕಿತ್ತು. ನಿಂತಲ್ಲೇ ಒಣಗಿದ ಅಂಥ ಮರವೊಂದನ್ನು ಇಳಿಸಲು ಗಂಗವ್ವನ ಪಕ್ಕದ ಮನೆಗೆ ಒಂದು ತಂಡ ಬಂದಿತು. ಎಲ್ಲರೂ ಹೆಂಗಸರು. ಊಟದ ಹೊತ್ತಿಗೆ ಅವರು ಟ್ರಕ್ಕಿನ ಮರೆಯಲ್ಲಿ ಕುಳಿತಾಗ ಮರದಿಂದ ಹಗ್ಗವೊಂದು ಇಳಿಬಿದ್ದು ತೂಗುತ್ತಿತ್ತು. ಗಂಗವ್ವ ಕಿಟಕಿಯಿಂದ ಅದನ್ನು ನೋಡುತ್ತ ನಿಂತವಳು, ಒಲೆ ಆರಿಸಿ, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬರಿಗಾಲಿನಲ್ಲಿ ಹೋಗಿ ಆ ಹಗ್ಗವನ್ನು ಹತ್ತಿಬಿಟ್ಟಳು.

ತಂಡದ ಯಜಮಾನಿ ವಾಂಡಾ ಓಡಿ ಬಂದು ಕೆಳಗಿನಿಂದ ಬೈದ ಬೈಗುಳಗಳಲ್ಲಿ ಅರ್ಧ ಇಂಗ್ಲಿಷು, ಅರ್ಧ ಪೋಲಿಷ್. ಡೆಟ್ರಾಯಿಟಿಗೆ ಅಂಟಿಕೊಂಡಿರುವ ಹ್ಯಾಮ್‌ಟ್ರಾಮಿಕ್ ಊರಿನ ಪೋಲಿಷ್ ಮನೆತನದವಳು ಆಕೆ, ಅರವತ್ತರ ಆಸುಪಾಸು. ಗಂಗವ್ವ ಕೆಳಗಿಳಿದ ಮೇಲೆ ವಾಂಡಾ ಆಕೆಯ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದಳು. ಅನಂತರ ಪಾದಗಳನ್ನು ನೋಡಿದಳು. ಬೂಟಿನ ಅಳತೆ ಎಷ್ಟು ಎಂದು ಕೇಳಿದಳು.

ವಾಂಡಾಳ ಎಡಭುಜ ಬಲಭುಜಕ್ಕಿಂತ ತಗ್ಗು. ಹರೆಯದಲ್ಲಿ ಆಕೆ ಗಂಡಸರ ತಂಡವೊಂದರಲ್ಲಿ ಮರ ಹತ್ತುತ್ತಿದ್ದಳು. ಹೆಂಗಸಿನ ಕೂಗು ಕೇಳೋಣವೆಂದು ಒಬ್ಬ ನಗೆಗಾಗಿ ಕೆಳಗಿನಿಂದ ಹಗ್ಗ ಸಡಿಲ ಬಿಟ್ಟ. ತೂಗಿ ಬಂದ ಕೊಂಬೆ ಆಕೆಯನ್ನು ಕಾಂಡಕ್ಕೆ ಅಪ್ಪಳಿಸಿ ಭುಜದ ಮೂಳೆಯನ್ನು ಪುಡಿ ಮಾಡಿತು. ಅವನು ಕ್ಷಮೆ ಕೇಳಲಿಲ್ಲ. ಈ ಕೆಲಸ ಹೆಂಗಸರದಲ್ಲ ಎಂದನಂತೆ. ಮೂಳೆ ಕೂಡಿಕೊಂಡ ಮೇಲೆ ವಾಂಡಾ ತನ್ನದೇ ತಂಡ ಕಟ್ಟಿದಳು. ಮೇಲಿರುವವಳ ಜೀವ ಕೆಳಗಿರುವವಳ ಕೈಯಲ್ಲಿ, ಕೆಳಗಿರುವವಳ ಜೀವ ಮೇಲಿರುವವಳ ಕೈಯಲ್ಲಿ ಇರುವ ಕೆಲಸವಿದು. ಆದ್ದರಿಂದ ಮೇಲಿನವಳು ಕೇಳದೆ ಕೊಯ್ಯಬಾರದು, ಕೆಳಗಿನವಳು ಉತ್ತರ ಕೊಡುವವರೆಗೆ ಗರಗಸ ತಾಗಿಸಬಾರದು ಎಂದು ಕಟ್ಟಳೆ ಮಾಡಿದಳು.

ಇನ್ನೊಂದು ಕಟ್ಟಳೆಯೂ ಇತ್ತು. ದೊಡ್ಡ ಕೊಂಬೆಯನ್ನು ಕೊಯ್ದು ಸುಮ್ಮನೆ ಬೀಳಿಸುವಂತಿಲ್ಲ; ಕೆಳಗೆ ಮನೆ ಇರುತ್ತದೆ. ಕೊಂಬೆಗೆ ಹಗ್ಗ ಕಟ್ಟಿ, ಅದನ್ನು ಮರದ ಮೇಲಿನ ರಾಟೆಯಲ್ಲಿ ಹಾಯಿಸಿ, ಬುಡಕ್ಕೆ ಬಿಗಿದ ಉಕ್ಕಿನ ಕೊಳವೆಗೆ ಕೆಲವು ಸುತ್ತು ಹಾಕುತ್ತಾರೆ. ಕೆಳಗಿರುವವಳು ಹಗ್ಗದ ತುದಿ ಹಿಡಿದು ಮೆಲ್ಲಗೆ ಬಿಡುತ್ತಾಳೆ. ಆ ಹಗ್ಗವನ್ನು ಕೊಳವೆಗೆ ಸುತ್ತಬೇಕೇ ಹೊರತು ಮೈಗೆ ಎಂದೂ ಸುತ್ತಬಾರದು. ಹಗ್ಗ ಕೈಮೀರಿ ಓಡಿತೋ, ಬಿಟ್ಟುಬಿಡಬೇಕು. ಮುರಿಯುವುದು ಮುರಿಯಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಂಗವ್ವ ಒಮ್ಮೆ ಆ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡದ್ದನ್ನು ಕಂಡು ವಾಂಡಾ ಆಕೆಯ ಹೆಲ್ಮೆಟ್ಟಿಗೆ ಗರಗಸದ ಹಿಡಿಯಿಂದ ಕುಟ್ಟಿದಳು. ಗಂಗವ್ವ ತಲೆಯಾಡಿಸಿ ಒಪ್ಪಿಕೊಂಡಳು. ಮುಂದೆ ಆಕೆ ಸದಾ ಮೇಲೆಯೇ ಇರುತ್ತಿದ್ದುದರಿಂದ ಆ ಹಗ್ಗ ಮತ್ತೆ ಅವಳ ಕೈಗೆ ಬರಲಿಲ್ಲ. ಆ ಮಾತೂ ಅಲ್ಲಿಗೇ ನಿಂತಿತು. ಕೆಲವೇ ವರ್ಷಗಳಲ್ಲಿ ಆಕೆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹತ್ತುವವಳಾದಳು. ಸಿಡಿದ ಕೊಂಬೆ ಗದ್ದವನ್ನು ಸೀಳಿತು, ಉರುಳಿದ ದಿಮ್ಮಿ ಎರಡು ಪಕ್ಕೆಲುಬು ಮುರಿಯಿತು. ಪ್ರತಿ ಸಲವೂ ಬಸವ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ, ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳುತ್ತಿದ್ದ. ಆಕೆ ಹೆದ್ದಾರಿಯಿಂದ ಇಳಿಯುವ ಮುಂದಿನ ಎಕ್ಸಿಟ್ ತೋರಿಸುತ್ತಿದ್ದಳು.

ಗಂಗವ್ವ ತನ್ನ ಮನೆಯ ಗರಾಜಿನಲ್ಲಿ ಕಾರನ್ನು ಹೊರಗಟ್ಟಿ ತೊಲೆಗೆ ನೂಲಿನ ಹಗ್ಗವೊಂದನ್ನು ಇಳಿಬಿಟ್ಟಿದ್ದಳು. ಭಾನುವಾರಗಳಂದು ನಮ್ಮವರ ಹೆಣ್ಣುಮಕ್ಕಳಿಗೆ ಮಲ್ಲಕಂಬ ಕಲಿಸುತ್ತಿದ್ದಳು. ಅಲ್ಲಿಗೆ ಹತ್ತಿರದ ಟ್ರಾಯ್ ಊರಿನಿಂದ ವರ್ಷಾ ಎಂಬ ತಾಯಿ ತನ್ನ ಮಗಳು ದಿಯಾಳನ್ನು ಕರೆತಂದಳು. ಮಗಳು ಒಂದೇ ದಿನಕ್ಕೆ “ಇಟ್ ಹರ್ಟ್ಸ್, ಅಮ್ಮ” ಎಂದು ಹೇಳಿ ಕಾರಿನಲ್ಲಿ ಕುಳಿತಳು. ತಾಯಿ ಉಳಿದಳು. ವರ್ಷಾ ಬೆಂಗಳೂರಿನಲ್ಲಿ ಕೃಷಿ ಓದಿದವಳು, ಗಿಡಮರಗಳ ರೋಗ ಬಲ್ಲವಳು. ಗಂಡ ಚೇತನ್‌ನ ವೀಸಾದ ನೆರಳಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವಂತಿರಲಿಲ್ಲ. ಕೊನೆಗೆ ಅನುಮತಿ ಬಂದಾಗ, ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿ ಪ್ರತಿ ಆಫೀಸಿನವರೂ ಅವಳನ್ನು ಹಿಂದಕ್ಕೆ ಕಳಿಸಿದರು. ಗಂಗವ್ವನೇ ಅವಳನ್ನು ವಾಂಡಾಳ ಬಳಿಗೆ ಕರೆದೊಯ್ದಳು. ವಾರವೆಲ್ಲ ವರ್ಷಾ ತಂಡದಲ್ಲಿ ಕೊಂಬೆ ಎಳೆಯುತ್ತಿದ್ದಳು, ಭಾನುವಾರ ಗರಾಜಿನಲ್ಲಿ ಹಗ್ಗ ಹತ್ತುತ್ತಿದ್ದಳು.

ಅಲ್ಲಿ ಗಂಗವ್ವನ ಕೈಯಲ್ಲಿ ಮೇಪಲ್ ಮರದ ತೆಳ್ಳನೆಯ ಬರಲು ಇರುತ್ತಿತ್ತು. ಮೊದಮೊದಲು ಅದು ತೋರಿಸುವುದಕ್ಕಷ್ಟೇ. ಒಂದು ಭಾನುವಾರ ವರ್ಷಾಳ ತೋಳಿನ ಸುತ್ತು ಜಾರಿ ಅವಳು ತಲೆಕೆಳಗಾಗಿ ಕೆಳಗೆ ಬಂದಳು. ಚಾಪೆಯ ಮೇಲೆ ಬಿದ್ದು ಬದುಕಿದಳು. ಗಂಗವ್ವನ ಕಿವಿಯಲ್ಲಿ ಗರಡಿಯ ಆ ಹಳೆಯ ಸದ್ದು ಕೇಳಿಸಿತು. ಬಿದ್ದವಳು ಏಳುವ ಮೊದಲೇ ಬರಲು ಎತ್ತಿ ಅವಳ ತೋಳಿನ ಮೇಲೆ ಹೊಡೆದಳು. “ಕೈ ಬಿಟ್ಟಿ ಅಂದ್ರ ಸತ್ತಿ. ಸುತ್ತು” ಎನ್ನುತ್ತ ಬರಲು ಮುರಿಯುವವರೆಗೆ ಹೊಡೆದಳು.

ಮುಂದಿನ ಭಾನುವಾರ ವರ್ಷಾ ಉದ್ದ ತೋಳಿನ ಅಂಗಿ ತೊಟ್ಟು ಬಂದಳು. ಗಂಗವ್ವ ಅವಳ ಮುಖ ನೋಡಲಾರದೆ, ಹಗ್ಗ ಒರೆಸುತ್ತ ಕೇಳಿದಳು.

“ಮನ್ಯಾಗ ಏನ ಹೇಳಿದಿ?”

“ಬಾಗಿಲು ತಾಗ್ತು ಅಂದೆ ಅಕ್ಕ. ಚೇತನ್ ಬಾಗಿಲಿಗೆ ಎಣ್ಣೆ ಹಾಕಿದ್ರು.”

ಇಬ್ಬರೂ ನಕ್ಕರು. ಆಮೇಲೆ ವರ್ಷಾ ಹಗ್ಗ ಹತ್ತಿದಳು. ಅವಳ ಸುತ್ತು ಮತ್ತೆ ಎಂದೂ ಜಾರಲಿಲ್ಲ. ಗಂಗವ್ವ ಹೊಸ ಬರಲೊಂದನ್ನು ತಂದಳು.

ಅದರ ಮುಂದಿನ ಚಳಿಗಾಲದಲ್ಲಿ ಮಂಜಿನ ಮಳೆ ಬಿದ್ದಿತು. ಹಿಮವಲ್ಲ, ನೀರಾಗಿ ಬಿದ್ದು ತಾಗಿದಲ್ಲೇ ಗಾಜಾಗುವ ಮಳೆ. ಬೆಳಗಾಗುವಷ್ಟರಲ್ಲಿ ಪ್ರತಿ ಕಡ್ಡಿಗೂ ಹೆಬ್ಬೆರಳು ಗಾತ್ರದ ಮಂಜುಗಡ್ಡೆಯ ಕವಚ. ಹತ್ತಿರದ ಆನ್ ಆರ್ಬರ್ ಊರಿನ ತುಂಬ ಮರಗಳು ಒಂದಾದ ಮೇಲೊಂದು ಸಿಡಿಯುತ್ತಿದ್ದ ಸದ್ದು, ಬೀದಿ ಬೀದಿಯಲ್ಲಿ ಬಂದೂಕಿನ ಕಾಳಗ ನಡೆದಂತಿತ್ತು. ವಿದ್ಯುತ್ ತಂತಿಗಳು ಹರಿದು ರಸ್ತೆಯ ಮೇಲೆ ಕಿಡಿ ಕಾರುತ್ತಿದ್ದವು. ಅದೇ ಊರಿನಲ್ಲಿ ಡಾಕ್ಟರ್ ಶಾರದ ಎಂಬುವರ ಮನೆಯ ಹಿತ್ತಲಿನ ದೊಡ್ಡ ಮೇಪಲ್ ಮರ ಎರಡಾಗಿ ಸೀಳಿ, ಒಂದು ಪಾಲು ಅವರ ಅಡುಗೆಮನೆಯ ಮೇಲೆ ವಾಲಿತ್ತು. ಶಾರದ ಧಾರವಾಡದ ಕಡೆಯವರು, ಒಂಟಿಯಾಗಿರುವವರು. ಅವರ ಕರೆಗೆ ವಾಂಡಾ, ಗಂಗವ್ವ, ವರ್ಷಾ ಮೂವರೇ ಬಂದರು. ತಂಡದಲ್ಲಿ ಯಾವಾಗಲೂ ಕೆಳಗೆ ಹಗ್ಗ ಹಿಡಿಯುವ ಹೆಂಗಸಿನ ಮನೆಯ ಮೇಲೆಯೇ ಅಂದು ಮರ ಬಿದ್ದಿತ್ತು. ಹೀಗಾಗಿ ಹಗ್ಗ ವರ್ಷಾಳ ಕೈಗೆ ಬಂದಿತು.

ಗಂಗವ್ವನಿಗೂ ವರ್ಷಾಳಿಗೂ ತಮ್ಮದೇ ಕೂಗು ಇತ್ತು. ಮೇಲಿನಿಂದ “ಬರ್ತೈತಿ” ಎಂದರೆ ಕೆಳಗಿನಿಂದ “ಬರ್ಲಿ” ಎನ್ನಬೇಕು. ಅಂದೂ ಹಾಗೆಯೇ ಆಯಿತು. ಗಂಗವ್ವ ಕೊಯ್ದಳು. ಆದರೆ ಕೊಂಬೆಯ ತೂಕದ ಜೊತೆಗೆ ಮಂಜುಗಡ್ಡೆಯ ತೂಕವೂ ಇತ್ತು. ಹಗ್ಗ ನೆನೆದು ಗಟ್ಟಿಯಾಗಿ, ಉಕ್ಕಿನ ಕೊಳವೆಯ ಮೇಲೆ ಹಿಡಿತವಿಲ್ಲದೆ ಜಾರುತ್ತಿತ್ತು. ಎಮ್ಮೆಯಷ್ಟು ಭಾರ ಒಮ್ಮೆಲೇ ಧುಮುಕಿತು. ಹಗ್ಗ ಓಡಿತು. ವಾಂಡಾ ಡ್ರೈವ್‌ವೇಯಿಂದ ಬಿಡು, ಬಿಡು ಎಂದು ಅರಚುತ್ತ ಓಡಿ ಬಂದಳು.

ವರ್ಷಾ ಬಿಡಲಿಲ್ಲ. ಅವಳ ಎಡತೋಳು ತಾನಾಗಿ ತಿರುಗಿ ಹಗ್ಗವನ್ನು ಎರಡು ಸುತ್ತು ಸುತ್ತಿಕೊಂಡಿತು. ಹಗ್ಗ ಅವಳನ್ನು ನೆಲದಿಂದ ಕಿತ್ತು ಕಾಂಡಕ್ಕೆ ಬಡಿಯಿತು; ಕೈಯನ್ನು ಉಕ್ಕಿನ ಕೊಳವೆಗೂ ತನಗೂ ನಡುವೆ ಎಳೆದುಕೊಂಡು ಅರೆದು ನಿಂತಿತು. ಕೈಗವಸು ಹರಿದು ರಕ್ತ ಕಾಂಡದ ಮಂಜಿನ ಮೇಲೆ ಚಿಮ್ಮಿತು. ಕೊಂಬೆ ಮೇಲೆ, ಅವಳ ತಲೆಯ ನೇರಕ್ಕೆ, ಗಾಳಿಯಲ್ಲಿ ತೂಗುತ್ತಿತ್ತು.

ವಾಂಡಾ ಚಾಕು ತೆಗೆದವಳು ಮೇಲೆ ನೋಡಿ ನಿಂತಳು. ಹಗ್ಗ ಕೊಯ್ದರೆ ಕೈ ಬಿಡುತ್ತದೆ, ಕೊಂಬೆ ವರ್ಷಾಳ ತಲೆಯ ಮೇಲೆ ಬೀಳುತ್ತದೆ. ಉಳಿದ ದಾರಿ ಒಂದೇ: ಇನ್ನೊಂದು ಹಗ್ಗವನ್ನು ಆ ಕೊಂಬೆಗೆ ಕಟ್ಟಿ, ಟ್ರಕ್ಕಿನಿಂದ ಎಳೆದು ಭಾರವನ್ನು ಮೇಲೆತ್ತಬೇಕು. ಮರದ ಮೇಲಿನ ಕವಲಿನಲ್ಲಿ ಇನ್ನೊಂದು ಹಗ್ಗ ಹಾಯಿಸಿಯೇ ಇತ್ತು, ಅದರ ತುದಿ ಗಂಗವ್ವನ ಸೊಂಟದಲ್ಲಿತ್ತು. ಆದರೆ ಧುಮುಕಿದ ಕೊಂಬೆಯ ರೆಂಬೆಗಳು ಗಂಗವ್ವ ತೂಗಾಡುವ ಹಗ್ಗವನ್ನು ಸಿಕ್ಕಿಸಿಕೊಂಡು ಬಿಗಿದಿದ್ದವು. ಆಕೆ ಅದರಲ್ಲಿ ಇಳಿಯುವಂತಿರಲಿಲ್ಲ. ಕೊಂಬೆಯನ್ನು ಮುಟ್ಟಬೇಕಾದರೆ ಸೊಂಟದ ಪಟ್ಟಿಯ ಕೊಕ್ಕೆ ಬಿಚ್ಚಿ, ಕೊಂಬೆ ತೂಗುತ್ತಿದ್ದ ಆ ಹಗ್ಗದ ಮೇಲೆಯೇ ಇಳಿಯಬೇಕು. ಅದರ ಮೇಲೆ ಗಂಗವ್ವನ ಭಾರ ಬಿದ್ದರೆ, ಇನ್ನೊಂದು ತುದಿಯಲ್ಲಿ ವರ್ಷಾಳ ಕೈ ಅಷ್ಟೂ ಹೆಚ್ಚು ಅರೆಯುತ್ತದೆ.

ಗಂಗವ್ವ ಕೊಕ್ಕೆ ಬಿಚ್ಚಿ ಕೆಳಗೆ ಕೂಗಿದಳು.

“ವರ್ಷಾ, ನಾ ಹಗ್ಗದ ಮ್ಯಾಲೆ ಬಂದ್ರ ಇನ್ನೂ ಜೋರ ನೋಯತೈತಿ. ಬರ್ಲ್ಯಾ?”

ವರ್ಷಾ ಎರಡೂ ಕಾಲುಗಳನ್ನು ಕಾಂಡಕ್ಕೆ ಒತ್ತಿ ಹಿಡಿದಳು.

“ಬನ್ನಿ ಅಕ್ಕ.”

ಗಂಗವ್ವ ತೊಡೆಗಳ ನಡುವೆ ಹಗ್ಗ ಕಚ್ಚಿ, ತೋಳಿಗೆ ಸುತ್ತಿಕೊಂಡು, ತಲೆಕೆಳಗಾಗಿ ಇಳಿದಳು. ಆಕೆಯ ಭಾರ ಬಿದ್ದ ಕೂಡಲೇ ವರ್ಷಾ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ ಎಂದು ಡಾಕ್ಟರ್ ಶಾರದ ಇಂದಿಗೂ ಹೇಳುತ್ತಾರೆ. ಮಂಜಿನಿಂದ ಚೂರಿಯಾಗಿದ್ದ ರೆಂಬೆಗಳು ಗಂಗವ್ವನ ಮುಖವನ್ನು ಗೀರಿದವು. ಒಂದು ಕಣ್ಣು ರಕ್ತದಿಂದ ಮುಚ್ಚಿಹೋಗಿರಲು, ಮುಟ್ಟಿ ಮುಟ್ಟಿಯೇ ಗಂಟು ಹಾಕಿದಳು. ವಾಂಡಾ ಹಗ್ಗದ ಇನ್ನೊಂದು ತುದಿಯನ್ನು ಟ್ರಕ್ಕಿಗೆ ಸಿಕ್ಕಿಸಿ ಎಳೆದಳು. ಗಾಲಿಗಳು ಮಂಜಿನ ಮೇಲೆ ತಿರುಗಿದವೇ ಹೊರತು ಹಿಡಿಯಲಿಲ್ಲ. ಅಂಗೈಯಷ್ಟು ಎತ್ತಿದ ಕೊಂಬೆ ಮತ್ತೆ ಕುಸಿಯಿತು. ವರ್ಷಾ ಮತ್ತೆ ಕೂಗಿದಳು. ಆಗ ಶಾರದ ಅವರು ಮನೆಯೊಳಗೆ ಓಡಿ, ತವರಿನಿಂದ ತಂದಿದ್ದ ನವಲಗುಂದದ ಜಮಖಾನವನ್ನು ಎಳೆದು ತಂದು ಗಾಲಿಗಳ ಕೆಳಗೆ ತುರುಕಿದರು. ಗಾಲಿಗಳು ಅದನ್ನು ಹರಿದು ಚಿಂದಿ ಮಾಡುತ್ತ ಹಿಡಿದವು. ಕೊಂಬೆ ಮೇಲೆದ್ದಿತು, ಹಗ್ಗ ಸಡಿಲಾಯಿತು. ಶಾರದ ಅವರು ವರ್ಷಾಳ ಕೈಯನ್ನು ಉಕ್ಕಿನಿಂದ ಬಿಡಿಸಿ ತಮ್ಮ ಸೆರಗನ್ನೇ ಹರಿದು ಬಿಗಿದು ಕಟ್ಟಿದರು. ರಸ್ತೆಗೆ ಅಡ್ಡಲಾಗಿ ಮರಗಳು ಬಿದ್ದಿದ್ದರಿಂದ ಆಂಬುಲೆನ್ಸ್ ಬರಲಾರದು ಎಂದು ತಿಳಿದಾಗ, ಕೊಂಬೆಯನ್ನು ನೆಲಕ್ಕಿಳಿಸಿ ಮೂವರೂ ವಾಂಡಾಳ ಟ್ರಕ್ಕಿನಲ್ಲೇ ಹೊರಟರು. ಅಡ್ಡ ಬಂದ ಮರಗಳನ್ನು ಗಂಗವ್ವ ಇಳಿದಿಳಿದು ಕೊಯ್ದಳು, ಒಂದೇ ಕಣ್ಣಿನಲ್ಲಿ.

ಕೈ ಉಳಿಯಿತು. ಕಿರುಬೆರಳೂ ಉಂಗುರದ ಬೆರಳೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗಂಗವ್ವ ಹಾಸಿಗೆಯ ಪಕ್ಕದಲ್ಲಿ ಕುಳಿತು, ಮಂಜಿನ ತೂಕವನ್ನು ತಾನು ಊಹಿಸದೆ ಹೋದೆನೆಂದು ಹೇಳತೊಡಗಿದಳು. ವರ್ಷಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಔಷಧದ ಮಂಪರಿನಲ್ಲಿ ಅವಳು ಹೇಳಿದ್ದು ಬೇರೆ.

“ವಾಂಡಾ ಬಿಡು ಅಂದಿದ್ದು ಕೇಳಿಸ್ತು ಅಕ್ಕ. ಆದ್ರೆ ಹಗ್ಗ ಓಡ್ತಿದ್ದ ಹಾಗೆ ನನಗೆ ನಿಮ್ಮ ಬರಲು ಕಾಣಿಸ್ತು.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಗಂಗವ್ವ ಎದ್ದು ಹೊರಗೆ ಬಂದಳು. ಮನೆಗೆ ಹೋಗಿ ಗರಾಜಿನ ಹಗ್ಗವನ್ನು ಕೊಯ್ದು ಹಾಕಿದಳು. ಬರಲನ್ನು ಏನು ಮಾಡಿದಳೋ ತಿಳಿಯದು. ಮುಖದ ಗಾಯ ಮಾಯ್ದ ಮೇಲೆಯೂ ಮರ ಹತ್ತಲು ಹೋಗಲಿಲ್ಲ. ವಾಂಡಾಳ ಫೋನ್ ಬಂದರೆ ಬಸವನೇ ಎತ್ತಿ ಏನಾದರೊಂದು ನೆಪ ಹೇಳುತ್ತಿದ್ದ.

ವಸಂತ ಬಂದಾಗ ವಾಂಡಾ ಫೋನ್ ಮಾಡದೆ ಮನೆಗೇ ಬಂದಳು. ವರ್ಷಾ ಮತ್ತೆ ಹಗ್ಗ ಹಿಡಿಯುವೆನೆಂದು ಹಟ ಹಿಡಿದಿದ್ದಾಳೆ, ಅದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಬೇಡವಂತೆ, ಆದರೆ ತೋಳು ಇನ್ನೂ ಸುತ್ತಿಕೊಳ್ಳುತ್ತಿದೆ, ಇನ್ನೊಮ್ಮೆ ಹಾಗಾದರೆ ಬೆರಳಲ್ಲ, ಪ್ರಾಣವೇ ಹೋಗುತ್ತದೆ ಎಂದು ತಿಳಿಸಿದಳು. ಇದು ನಿನ್ನಿಂದ ಹತ್ತಿದ್ದು, ನೀನೇ ಬಿಡಿಸು ಎಂದೂ ಹೇಳಿದಳು.

ಹ್ಯಾಮ್‌ಟ್ರಾಮಿಕ್‌ನಲ್ಲಿ ವಾಂಡಾಳ ಮನೆಯ ಹಿಂದೆ ಒಂದು ಎತ್ತರದ ಕಂಬ. ನೀರು ತುಂಬಿದ ಪೀಪಾಯಿಯೊಂದನ್ನು ರಾಟೆಯಿಂದ ಎತ್ತಿ ಅದಕ್ಕೆ ತೂಗುಹಾಕಿದ್ದರು. ಹಗ್ಗದ ತುದಿ ವರ್ಷಾಳ ಕೈಯಲ್ಲಿ. ಪೀಪಾಯಿಯ ಕೊಕ್ಕೆ ಕಳಚುವ ಕೆಲಸ ಗಂಗವ್ವನದು. ಪೀಪಾಯಿ ಧುಮುಕಿದಾಗ ವರ್ಷಾ ಹಗ್ಗ ಬಿಡಬೇಕು. ಮೊದಲ ದಿನ ಪ್ರತಿ ಸಲವೂ ತೋಳು ಸುತ್ತಿಕೊಂಡಿತು. ಪ್ರತಿ ಸಲವೂ ಹಗ್ಗ ಅವಳನ್ನು ಮಣ್ಣಿನಲ್ಲಿ ಎಳೆದೊಯ್ದು ಕೆಡವಿತು. ಮೊಣಕೈಯ ಚರ್ಮ ಸುಲಿಯಿತು, ಹಲ್ಲು ತುಟಿಗೆ ನಾಟಿತು. ಗಂಗವ್ವ ಕೊಕ್ಕೆ ಬಿಟ್ಟು, ಇನ್ನು ತನ್ನಿಂದಾಗದು ಎಂದಳು. ಆಗ ವರ್ಷಾ ಬಾಯಿಯ ರಕ್ತ ಉಗಿದು, ನಗುತ್ತಲೇ ಕೆಣಕಿದಳು.

“ಬರಲು ಹಿಡ್ಕೊಂಡು ನಿಲ್ಲೋದು ಸುಲಭ ಅಕ್ಕ. ನೀವೇ ಒಂದ್ಸಲ ಹಿಡೀರಿ ನೋಡೋಣ.”

ಗಂಗವ್ವ ಹಗ್ಗ ಹಿಡಿದಳು. ವರ್ಷಾ ಕೊಕ್ಕೆ ಕಳಚಿದಳು. ಪೀಪಾಯಿ ಬಿದ್ದಿತು, ಗಂಗವ್ವನ ತೋಳು ಮಿಂಚಿನಂತೆ ಎರಡು ಸುತ್ತು ಸುತ್ತಿಕೊಂಡಿತು. ಹಗ್ಗ ಆಕೆಯನ್ನು ನೆಲಕ್ಕೆ ಕೆಡವಿ, ಎಳೆದೊಯ್ದು ಕಂಬದ ಬುಡಕ್ಕೆ ಗುದ್ದಿತು. ಆಕೆ ಮಣ್ಣಿನಲ್ಲೇ ಬಿದ್ದುಕೊಂಡು ತನ್ನ ತೋಳನ್ನು, ಅದು ಬೇರೆಯವರದೋ ಎಂಬಂತೆ, ನೋಡುತ್ತಿದ್ದಳು. ಇಷ್ಟು ವರ್ಷ ಕೆಳಗಿನ ಹಗ್ಗ ಮುಟ್ಟದೆ ಮೇಲೆಯೇ ಇದ್ದುದರಿಂದ ಆಕೆಗೆ ತಿಳಿದಿರಲಿಲ್ಲ. ಮಲ್ಲಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಅವನ ಬರಲು ಮಗಳ ತೋಳಿನಲ್ಲಿ ಹಾಗೆಯೇ ಇತ್ತು.

ಅಂದಿನಿಂದ ಇಬ್ಬರೂ ಸರದಿಯ ಮೇಲೆ ಹಗ್ಗ ಹಿಡಿದರು. ಬೀಳುತ್ತಿದ್ದರು, ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಎದ್ದು ಮೊಣಕೈಗೆ ಮುಲಾಮು ಹಚ್ಚುತ್ತಿದ್ದರು. ವಾಂಡಾ ಮೆಟ್ಟಿಲಿನ ಮೇಲೆ ಕುಳಿತು ಕಾಫಿ ಕುಡಿಯುತ್ತ ಇಬ್ಬರಿಗೂ ಸಮನಾಗಿ ಬೈಯುತ್ತಿದ್ದಳು. ಮೊದಲು ಹಗ್ಗ ಬಿಟ್ಟವಳು ವರ್ಷಾ. ಪೀಪಾಯಿ ನೆಲಕ್ಕಪ್ಪಳಿಸಿ ಒಡೆದು ಮೂವರನ್ನೂ ತೋಯಿಸಿತು. ಗಂಗವ್ವನಿಗೆ ಬೇಸಿಗೆಯವರೆಗೆ ಹಿಡಿಯಿತು. ಆದರೂ ಅದು ಪೀಪಾಯಿ. ಪಕ್ಕದಲ್ಲಿ ಮನೆಯಿಲ್ಲ, ಮೇಲೆ ಮನುಷ್ಯರಿಲ್ಲ. ಮರದ ಕೆಳಗೆ ತೋಳು ಯಾರ ಮಾತು ಕೇಳೀತೆಂದು ಇಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಾರದ ಅವರ ಹಿತ್ತಲಿನಲ್ಲಿ ಮೇಪಲ್ ಮರದ ಉಳಿದ ಪಾಲು ಹಾಗೆಯೇ ನಿಂತಿತ್ತು. ಬೇರೆ ತಂಡವನ್ನು ಅವರು ಕರೆದಿರಲಿಲ್ಲ. ನೀವೇ ಬಂದು ಮುಗಿಸಿ ಎಂದು ಕಾದಿದ್ದರು. ಆಗಸ್ಟಿನಲ್ಲಿ ಮೂವರೂ ಹೋದರು. ಮರದ ಒಂದು ಪಕ್ಕದಲ್ಲಿ ಶಾರದ ಅವರ ಹೀರೆಯ ಚಪ್ಪರ ಮೈತುಂಬ ಕಾಯಿ ಹೊತ್ತು ನಿಂತಿತ್ತು. ಧಾರವಾಡದಿಂದ ತರಿಸಿದ ಬೀಜ. ಮರ ಹೇಗಾದರೂ ಹೋಗಲಿ, ಚಪ್ಪರವನ್ನು ಮಾತ್ರ ಉಳಿಸಿಕೊಡಿ ಎಂದು ಅವರು ಮೂವರಿಗೂ ಬೇರೆ ಬೇರೆಯಾಗಿ ಹೇಳಿದ್ದರು.

ಗಂಗವ್ವ ಹತ್ತಿದಳು. ಚಪ್ಪರದ ಮೇಲೆ ಚಾಚಿದ್ದ ದೊಡ್ಡ ಕೊಂಬೆಗೆ ಹಗ್ಗ ಕಟ್ಟಿದಳು. ಕೆಳಗೆ ಕಾಂಡದ ಬುಡದಲ್ಲಿ, ಅದೇ ಉಕ್ಕಿನ ಕೊಳವೆಯ ಪಕ್ಕದಲ್ಲಿ, ವರ್ಷಾ ನಿಂತಿದ್ದಳು. ಗಂಗವ್ವ ಗರಗಸ ಹಿಡಿದು ಕೆಳಗೆ ನೋಡಿದಳು. ವರ್ಷಾ ಮೇಲೆ ನೋಡಿ, ಎರಡೂ ಕೈಗಳನ್ನು ಎತ್ತಿ, ಬೆರಳುಗಳನ್ನು ಅಗಲಿಸಿ ತೋರಿಸಿದಳು. ಆಮೇಲೆ ಹಗ್ಗ ಹಿಡಿದಳು.

“ಬರ್ತೈತಿ” ಎಂದಳು ಗಂಗವ್ವ.

“ಬರ್ಲಿ.”

ಗರಗಸ ಕೊಂಬೆಯನ್ನು ಅರ್ಧ ಕೊಯ್ಯುವಷ್ಟರಲ್ಲಿ, ಚಳಿಗಾಲದಲ್ಲಿ ಸೀಳಿದ್ದ ಕಾಂಡದ ಒಳಗಿನ ಕೊಳೆತ ಭಾಗ ಬಾಯಿಬಿಟ್ಟಿತು. ಕೊಂಬೆ ಕೊಯ್ದ ಕಡೆಯಲ್ಲಿ ಮುರಿಯಲಿಲ್ಲ. ಬುಡದಿಂದಲೇ ಕಿತ್ತು, ಗಂಗವ್ವ ಎಣಿಸಿದ್ದಕ್ಕಿಂತ ಎರಡು ಪಾಲು ಮರವನ್ನು ಎಳೆದುಕೊಂಡು ಬೋರಲಾಗಿ ಧುಮುಕಿತು. ಮರ ಒದರಿತು. ಗಂಗವ್ವ ಕಾಂಡಕ್ಕೆ ಅಪ್ಪಳಿಸಿ, ಗರಗಸ ಕೈತಪ್ಪಿ, ತನ್ನ ಪಟ್ಟಿಯಲ್ಲಿ ಜೋತುಬಿದ್ದಳು. ಕೆಳಗೆ ಹಗ್ಗ ಉಕ್ಕಿನ ಮೇಲೆ ಕಿರುಚುತ್ತ ಓಡುವ ಸದ್ದು, ಅದೇ ಸದ್ದು, ಕೇಳಿಸಿತು. ಗಂಗವ್ವ ಕಣ್ಣು ಮುಚ್ಚಿದಳು.

ಕೂಗು ಬರಲಿಲ್ಲ. ಬಂದದ್ದು ಬಿದಿರು ಮುರಿಯುವ, ತಂತಿ ಹರಿಯುವ, ನೆಲ ಗುದ್ದುವ ಸದ್ದು. ಮಣ್ಣೂ ಎಲೆಯೂ ಗರಾಜಿನ ಎತ್ತರಕ್ಕೆ ಎದ್ದವು. ಧೂಳು ಇಳಿದಾಗ ಹೀರೆಯ ಚಪ್ಪರವಿದ್ದ ಜಾಗದಲ್ಲಿ ಕೊಂಬೆ ಮಲಗಿತ್ತು. ಬೇಲಿಯೂ ಹೋಗಿತ್ತು. ಹಗ್ಗದ ತುದಿ ರಾಟೆಯನ್ನು ದಾಟಿ ಹೋಗಿ ಕೊಂಬೆಯ ಪಕ್ಕದಲ್ಲಿ ಬಿದ್ದಿತ್ತು. ವರ್ಷಾ ನಿಂತಲ್ಲೇ ನಿಂತಿದ್ದಳು, ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿಕೊಂಡು, ಬೆರಳುಗಳನ್ನು ಅಗಲಿಸಿಕೊಂಡು. ಇಳಿಸುವುದನ್ನೇ ಮರೆತಿದ್ದಳು.

ಗಂಗವ್ವ ಮರದ ಮೇಲೆಯೇ ಕಾಂಡವನ್ನು ತಬ್ಬಿಕೊಂಡು ಅತ್ತಳು. ವಾಂಡಾ ಹೆಲ್ಮೆಟ್ ತೆಗೆದು ನೆಲಕ್ಕೆ ಎಸೆದು ಏನೋ ಪೋಲಿಷ್ ಭಾಷೆಯಲ್ಲಿ ಹೇಳಿದಳು, ಅದು ಬೈಗುಳವಾಗಿರಲಾರದು.

ಸದ್ದು ಕೇಳಿ ಶಾರದ ಅವರು ಹೊರಗೆ ಬಂದರು. ಚಪ್ಪರ ನೋಡಿದರು, ಬೇಲಿ ನೋಡಿದರು. ಆಮೇಲೆ ವರ್ಷಾಳ ಎತ್ತಿದ ಕೈಗಳನ್ನು ನೋಡಿದರು.

“ಚಪ್ಪರ ಹೋತಲ್ಲೇ.”

“ಹೋಯ್ತು ಆಂಟಿ. ಬಿಟ್ಬಿಟ್ಟೆ.”

ಶಾರದ ಅವರು ಹತ್ತಿರ ಬಂದು, ಆ ಎಡಗೈಯನ್ನು ಹಿಡಿದು, ವೈದ್ಯರು ನೋಡುವಂತೆ ಮೇಲೆ ಕೆಳಗೆ ತಿರುಗಿಸಿ ನೋಡಿದರು. ಹೊಸ ಗಾಯವಿರಲಿಲ್ಲ. ಅವರು ಬಗ್ಗಿ, ಮುರಿದ ಬಿದಿರುಗಳ ನಡುವಿನಿಂದ ಜಜ್ಜದೆ ಉಳಿದಿದ್ದ ಹೀರೆಕಾಯಿಗಳನ್ನು ಮಡಿಲಿಗೆ ಆಯ್ದುಕೊಳ್ಳತೊಡಗಿದರು. ಆಯುತ್ತಲೇ, ಮೇಲಿರುವವಳು ಅತ್ತದ್ದು ಸಾಕೆಂದೂ, ಆ ಕಡೆ ಇನ್ನೊಂದು ಕೊಂಬೆ ಇದೆಯೆಂದೂ ಹೇಳಿದರು.

ವಾಂಡಾ ಬಿದ್ದ ಗರಗಸವನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳುಹಿಸಿದಳು. ವರ್ಷಾ ಹಗ್ಗವನ್ನು ಬಿಡಿಸಿ ತಂದು ಮತ್ತೆ ಕೊಳವೆಗೆ ಸುತ್ತಿದಳು. ಈ ಸಲ ಒಂದು ಸುತ್ತು ಹೆಚ್ಚು. ಗಂಗವ್ವ ತೋಳಿನಿಂದ ಮೂಗು ಒರೆಸಿಕೊಂಡು, ಆ ಕೊಂಬೆಗೆ ಸರಿದು ಹಗ್ಗ ಬಿಗಿದು, ಗರಗಸ ಚಾಲೂ ಮಾಡುವ ದಾರ ಎಳೆದಳು.

“ಬರ್ತೈತಿ” ಎಂದಳು.